ನಿಮಗಿದು ಗೊತ್ತೇ? ತಕ್ಕಡಿಗೆ ಸಿಗದ ಕೊಬ್ಬು

● ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಚೀಲದ ತೂಕವೊಂದನ್ನೇ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದರೆ ಮಾತ್ರ ತಕ್ಕಡಿಯ ಮುಳ್ಳೇ ನಮಗೆ ದೇವರು. ಎಲುಬು, ಸ್ನಾಯು, ನೀರು, ಕೊಬ್ಬು ಎಲ್ಲವೂ ಅದಕ್ಕೆ ಬರೀ ಕಿಲೋ.

● ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. 1832ರಲ್ಲಿ ಈ ಲೆಕ್ಕ ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕೆಟಲೆ ವೈದ್ಯನಲ್ಲ, ಖಗೋಳ ಮತ್ತು ಗಣಿತ ಬಲ್ಲವನು. ಹೆಸರಿಟ್ಟವರು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್.

● ಬಿಎಂಐ 20 ಇದ್ದರೆ ಅಪ್ಪ ನಿಶ್ಚಿಂತ. ಆರು ವರ್ಷದ ಮಗನಿಗೂ ಅಷ್ಟೇ ಬಂದರೆ (116 ಸೆಂ.ಮೀ. ಎತ್ತರ, 27 ಕಿಲೋ) ಅದು ಬೊಜ್ಜು! ಮಕ್ಕಳ ಅಂಕಿಯನ್ನು ವಯಸ್ಸು, ಗಂಡು-ಹೆಣ್ಣು ನೋಡಿ ಬೆಳವಣಿಗೆಯ ಪಟ್ಟಿಯಲ್ಲೇ ಓದಬೇಕು.

● ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ತಂದ ಪಟ್ಟಿಯಲ್ಲಿ ಅತಿತೂಕದ ಗೆರೆ ದೊಡ್ಡವರ ಬಿಎಂಐ 23ಕ್ಕೆ, ಬೊಜ್ಜಿನದು 27ಕ್ಕೆ ಸಮ. ಜಗತ್ತಿಗೆಲ್ಲ ಇದು 25 ಮತ್ತು 30. ನಮಗೇಕೆ ಇಷ್ಟು ಬಿಗಿ?

● ಉತ್ತರ ಸಿಕ್ಕಿದ್ದು ಪುಣೆಯ ಸುತ್ತಲ ಹಳ್ಳಿಗಳಲ್ಲಿ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರ ತಂಡ 1993ರಿಂದ ಅಲ್ಲಿಯ ಬಸುರಿಯರನ್ನೂ ಕೂಸುಗಳನ್ನೂ ಅಳೆಯುತ್ತ ಬಂತು. ಕೂಸಿನ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5. ಆದರೆ ನಮ್ಮ ಕೂಸುಗಳಲ್ಲಿ ಕಡಿಮೆಯಾಗಿದ್ದದ್ದು ಹೆಚ್ಚಾಗಿ ಸ್ನಾಯು. ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕರಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಬಸುರಿಯರಿಗೆ ಹುಟ್ಟಿದ ಮಕ್ಕಳದೂ ಇದೇ ಕತೆ: ನಾಲ್ಕನೇ ವರ್ಷಕ್ಕೆ ಮೈ ಸಣ್ಣದು, ಬೆನ್ನಿನ ಕೊಬ್ಬು ಮಾತ್ರ ಇಂಗ್ಲೆಂಡಿನ ಮಕ್ಕಳಿಗಿಂತ ದಪ್ಪ. “ಹುಡುಗ ಕಡ್ಡಿ ಆಗ್ಯಾನ, ಕೊಬ್ಬು ಎಲ್ಲಿಂದ ಬಂತ್ರೀ?” ಎನ್ನುವ ಸಾಂಗ್ಲಿವಾಡಿಯ ಅಜ್ಜಿಗೆ ಇದನ್ನು ಹೇಳಿ ನೋಡಿ.

● ತೆಳ್ಳಗಿದ್ದರೂ ಕೊಬ್ಬು ಇರಬಲ್ಲದು ಎಂಬುದಕ್ಕೆ ಯಾಜ್ಞಿಕರೇ ಒಂದು ಸಾಕ್ಷಿ. ಲಂಡನ್ನಿನ ಜಾನ್ ಯೂಡ್ಕಿನ್ ಜೊತೆ ನಿಂತ ಅವರ ಫೋಟೊ 2004ರ ಲ್ಯಾನ್ಸೆಟ್‌ನಲ್ಲಿ ಬಂತು. ಇಬ್ಬರ ಬಿಎಂಐಯೂ 22.3, ಯೂಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕರಲ್ಲಿ 21.2%.

● ತಕ್ಕಡಿ ಹೇಳದ ಹೊಟ್ಟೆಯ ಕೊಬ್ಬನ್ನು ಸೊಂಟ ಹೇಳುತ್ತದೆ, ಅದನ್ನು ಅಳೆಯಲು ಯಂತ್ರ ಬೇಡ. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಚಿ, ಕೊನೆಯ ಪಕ್ಕೆಲುಬಿಗೂ ಟೊಂಕದ ಎಲುಬಿಗೂ ನಡುವೆ, ಉಸಿರು ಬಿಟ್ಟಾಗ ಸುತ್ತಿ. ತುದಿಗಳು ಕೂಡದಿದ್ದರೆ ಸೊಂಟ ಎತ್ತರದ ಅರ್ಧ ದಾಟಿದೆ, ಡಾಕ್ಟರಿಗೆ ತೋರಿಸಿ. ಐದು ವರ್ಷ ದಾಟಿದವರಿಗಷ್ಟೇ ಈ ಲೆಕ್ಕ. (ಉಡುದಾರ ಬಿಗಿಯಾದಾಗ ಖುಷಿಪಡುವ ತಾಯಂದಿರು ಗಮನಿಸಬೇಕು.)

● ಬರಿಗಾಲಲ್ಲಿ ನಿಂತರೆ ಕೊಬ್ಬಿನ ಶೇಕಡಾ ತೋರಿಸುವ ಯಂತ್ರ ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ. ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಎದುರಾಗುವ ತಡೆಯಿಂದ ನೀರನ್ನು ಅಂದಾಜಿಸಿ, ಉಳಿದದ್ದನ್ನು ಸೂತ್ರಕ್ಕೆ ಬಿಡುತ್ತದೆ. ದೊಡ್ಡವರ ಸೂತ್ರ ಮಕ್ಕಳಿಗೆ ಹೊಂದದು.

● ಮಗುವಿನ ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟೆ ಕಂಡರೆ ಕಡಲೆಹಿಟ್ಟು ಹಚ್ಚಿ ತಿಕ್ಕಬೇಡಿ. ಅದು ಕೊಳೆಯಲ್ಲ, ಬಹಳ ಸಲ, ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಎಂಬುದರ ಗುರುತು.

● ಬಿಪಿಯಲ್ಲೂ ಅಳತೆ ಮೋಸ ಮಾಡೀತು: ಮಗುವಿನ ತೋಳಿಗೆ ಸುತ್ತುವ ಪಟ್ಟಿ ಕಿರಿದಾದರೆ ಇಲ್ಲದ ಬಿಪಿ ಕಾಣುತ್ತದೆ. ದಪ್ಪ ತೋಳಿನ ಹುಡುಗನಿಗೆ ದೊಡ್ಡವರ ಪಟ್ಟಿಯೇ ಬೇಕಾದೀತು. ಮಿರಜದ ದವಾಖಾನೆಗೆ ಅಥಣಿ, ರಾಯಬಾಗದಿಂದ ಬಂದವರು ಸಂಕೋಚಪಡದೆ ಕೇಳಿ: “ಈ ಪಟ್ಟಿ ಇವನ ಅಳತೀದ ಏನ್ರೀ?”