ತೋಟದ ಲೆಕ್ಕದ ಹಾಳೆಯಲ್ಲಿ ಸಾಲು ತೆಗೆಯುವಾಗ ವಹಿಸಬೇಕಾದ ಎಚ್ಚರಿಕೆ

ಕೃಷಿಯು ಒಂದು ಉದ್ಯಮವೆಂದು ಒಪ್ಪಿದ ಮೇಲೆ ಲೆಕ್ಕಪತ್ರವೂ ಅದರ ಒಂದು ಅಂಗವೇ ಆಗುತ್ತದೆ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಕಡೆಯ ಅಡಿಕೆ ಬೆಳೆಗಾರರಲ್ಲಿ ಹಿಂದಿನಿಂದಲೂ ಲೆಕ್ಕ ಬರೆದಿಡುವ ರೂಢಿಯಿದೆ. ಹಿರಿಯರು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದುದನ್ನು ಈಗ ಮನೆಯ ಮಕ್ಕಳು ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ, ಅಂದರೆ ಲೆಕ್ಕದ ಹಾಳೆಯಲ್ಲಿ, ಬರೆಯುತ್ತಿದ್ದಾರೆ. ಕೂಡುವ, ಕಳೆಯುವ ಶ್ರಮ ಇದರಿಂದ ತಪ್ಪುತ್ತದೆ. ಆದರೆ ಎರಡು ಬಾರಿ ಬರೆದ ಒಂದು ಸಾಲನ್ನು ತೆಗೆದ ಕೂಡಲೇ ಒಟ್ಟು ಮೊತ್ತ ಮಾಯವಾಗಿ, ಆ ಜಾಗದಲ್ಲಿ '#ರೆಫ್!' ಎಂಬ ಗುರುತು ಕಾಣಿಸಿಕೊಳ್ಳುವುದು ಹಲವರ ಅನುಭವ. ಇದು ಏಕೆ ಆಗುತ್ತದೆ, ಇದನ್ನು ತಡೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಸೂಚನೆ. ಲೆಕ್ಕದ ಹಾಳೆಯಲ್ಲಿ ಅಂಕಣಗಳಿಗೆ ಇಂಗ್ಲಿಷ್ ಅಕ್ಷರಗಳೂ ಸಾಲುಗಳಿಗೆ ಅಂಕಿಗಳೂ ಇರುತ್ತವೆ. ಅವೆರಡೂ ಕೂಡುವ ಮನೆಯೇ ಸೆಲ್. ಎರಡನೆಯ ಅಂಕಣದ ನಾಲ್ಕನೆಯ ಮನೆಯನ್ನು ಇಲ್ಲಿ 'ಬಿ4' ಎಂದು ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಮಾತ್ರ ಅಂಕಣದ ಅಕ್ಷರವನ್ನೂ 'ಸಮ್' ಮೊದಲಾದ ಪದಗಳನ್ನೂ ಇಂಗ್ಲಿಷಿನಲ್ಲಿಯೇ ಒತ್ತತಕ್ಕದ್ದು. ಇಲ್ಲಿ ಹೇಳಿರುವ ವಿಧಾನಗಳು ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಗೂಗಲ್ ಶೀಟ್ಸ್ ಮೂರಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಒರೆಸುವುದು ಬೇರೆ, ಕೀಳುವುದು ಬೇರೆ

ಒಂದು ಮನೆಯನ್ನು ಆರಿಸಿ ಡಿಲೀಟ್ ಕೀಲಿಯನ್ನು ಒತ್ತಿದರೆ ಅದರೊಳಗಿನ ಅಂಕಿ ಮಾತ್ರ ಒರೆಸಿಹೋಗುತ್ತದೆ. ಮನೆ ಅಲ್ಲೇ ಉಳಿಯುತ್ತದೆ. ಸೂತ್ರವು ಅದನ್ನು ಸೊನ್ನೆಯೆಂದು ಎಣಿಸಿ ಮುಂದುವರಿಯುತ್ತದೆ. ಆದರೆ ಎಡಬದಿಯ ಸಾಲಿನ ಸಂಖ್ಯೆಯನ್ನು ಆರಿಸಿ ಸಾಲನ್ನೇ ತೆಗೆದರೆ ಮನೆಯೇ ಇಲ್ಲವಾಗುತ್ತದೆ. ಕೆಳಗಿನ ಸಾಲುಗಳು ಮೇಲಕ್ಕೆ ಸರಿಯುತ್ತವೆ. ತೋಟದಲ್ಲಿ ಒಂದು ಅಡಿಕೆ ಮರವನ್ನು ಕಡಿದರೂ ಅದರ ಬುಡದ ಜಾಗ ಲೆಕ್ಕಕ್ಕೆ ಸಿಗುತ್ತದೆ. ಜಾಗವನ್ನೇ ಬಿಟ್ಟುಕೊಟ್ಟರೆ ಸಿಗುವುದಿಲ್ಲ. ಇದೂ ಹಾಗೆಯೇ. ಇಲ್ಲದ ಮನೆಯ ವಿಳಾಸವನ್ನು ಸೂತ್ರದಲ್ಲಿ ಹಿಡಿದುಕೊಂಡಿರುವಾಗ ಯಂತ್ರವು '#ರೆಫ್!' ಎಂದು ತಿಳಿಸುತ್ತದೆ.

ಒರೆಸುವಾಗ ಖಾಲಿ ಮಾಡಬೇಕೇ ಹೊರತು ಆ ಜಾಗದಲ್ಲಿ 'ಇಲ್ಲ' ಎಂದೋ 'ರದ್ದು' ಎಂದೋ ಬರೆಯಕೂಡದು. ಕೂಡುವ ಚಿಹ್ನೆ ಬಳಸಿದ ಸೂತ್ರಕ್ಕೆ ಅಕ್ಷರ ಸಿಕ್ಕಿದರೆ '#ವ್ಯಾಲ್ಯೂ!' ಎಂಬ ಇನ್ನೊಂದು ದೋಷ ಕಾಣಿಸಿಕೊಳ್ಳುತ್ತದೆ.

ಒಂದು ಉದಾಹರಣೆ

ಒಬ್ಬ ಬೆಳೆಗಾರರ ಖರ್ಚಿನ ಹಾಳೆ ಹೀಗಿದೆ ಎಂದಿಟ್ಟುಕೊಳ್ಳೋಣ. 1ನೆಯ ಸಾಲು ತಲೆಬರಹ. ಮುಂದೆ:

2ನೆಯ ಸಾಲು: ಕೊಟ್ಟಿಗೆ ಗೊಬ್ಬರ, ರೂ. 18,000
3ನೆಯ ಸಾಲು: ರಾಸಾಯನಿಕ ಗೊಬ್ಬರ, ರೂ. 14,500
4ನೆಯ ಸಾಲು: ಮೈಲುತುತ್ತು ಮತ್ತು ಸುಣ್ಣ, ರೂ. 9,200
5ನೆಯ ಸಾಲು: ಔಷಧಿ ಸಿಂಪಡಣೆ ಕೂಲಿ, ರೂ. 12,000
6ನೆಯ ಸಾಲು: ಮೈಲುತುತ್ತು ಮತ್ತು ಸುಣ್ಣ, ರೂ. 9,200
7ನೆಯ ಸಾಲು: ಕೊಯ್ಲಿನ ಕೂಲಿ, ರೂ. 10,300
8ನೆಯ ಸಾಲು: ಒಟ್ಟು, ರೂ. 73,200

ಇದರಲ್ಲಿ 6ನೆಯ ಸಾಲು 4ನೆಯದರ ಪುನರಾವೃತ್ತಿ. ಅದನ್ನು ತೆಗೆದರೆ ಒಟ್ಟು ರೂ. 64,000 ಆಗಬೇಕು. ಒಟ್ಟಿನ ಸೂತ್ರವನ್ನು =ಬಿ2+ಬಿ3+ಬಿ4+ಬಿ5+ಬಿ6+ಬಿ7 ಎಂದು ಒಂದೊಂದೇ ಮನೆಯನ್ನು ಹೆಸರಿಸಿ ಬರೆದಿದ್ದರೆ, 6ನೆಯ ಸಾಲು ಹೋದೊಡನೆ ಅದು =ಬಿ2+ಬಿ3+ಬಿ4+ಬಿ5+#ರೆಫ್!+ಬಿ6 ಆಗುತ್ತದೆ. ಒಂದು ಕೊಂಡಿ ಕಳಚಿದ್ದರಿಂದ ಇಡೀ ಮೊತ್ತ ಕೆಡುತ್ತದೆ. ಇದಕ್ಕೆ ಬದಲಾಗಿ =ಸಮ್(ಬಿ2:ಬಿ7) ಎಂದು ಬರೆದಿದ್ದರೆ ಯಂತ್ರವು ತಾನಾಗಿಯೇ ಅದನ್ನು =ಸಮ್(ಬಿ2:ಬಿ6) ಎಂದು ತಿದ್ದಿಕೊಂಡು ರೂ. 64,000 ತೋರಿಸುತ್ತದೆ. 'ಇಲ್ಲಿಂದ ಇಲ್ಲಿಯವರೆಗೆ' ಎಂದು ಹೇಳಿದ ಸೂತ್ರಕ್ಕೆ ನಡುವಿನ ಒಂದು ಸಾಲು ಹೋದರೆ ಬಾಧಕವಿಲ್ಲ. ಆದಕಾರಣ ಒಟ್ಟು ಮೊತ್ತಕ್ಕೆ ಕೂಡುವ ಚಿಹ್ನೆಯ ಸರಪಳಿಯನ್ನು ಬಿಟ್ಟು ಸಮ್ ಸೂತ್ರವನ್ನೇ ಬಳಸುವುದು ಒಳ್ಳೆಯದು.

ಗಡಿಕಲ್ಲು ನೆಡಿರಿ

ಸಮ್ ಸೂತ್ರದಲ್ಲಿಯೂ ಎರಡು ತೊಡಕುಗಳಿವೆ. ಹೊಸ ವರ್ಷದ ಲೆಕ್ಕಕ್ಕೆಂದು 2ರಿಂದ 7ರವರೆಗಿನ ಎಲ್ಲ ಸಾಲುಗಳನ್ನೂ ಒಮ್ಮೆಗೇ ತೆಗೆದರೆ, ವ್ಯಾಪ್ತಿಯೇ ಇಲ್ಲದ ಸೂತ್ರವು '#ರೆಫ್!' ತೋರಿಸುತ್ತದೆ. ಇನ್ನೊಂದು, ಒಟ್ಟಿನ ಸಾಲಿಗೆ ತಾಗಿ ಅದರ ಮೇಲೆ ಹೊಸ ಸಾಲನ್ನು ಸೇರಿಸಿದರೆ ಅದು ವ್ಯಾಪ್ತಿಯಿಂದ ಹೊರಗೆ ಉಳಿಯುವ ಸಂಭವವಿದೆ.

ಇದಕ್ಕೆ ಪರಿಹಾರ ಸುಲಭ. ಕೊನೆಯ ಖರ್ಚಿನ ಕೆಳಗೆ 8ನೆಯ ಸಾಲನ್ನು ಖಾಲಿ ಬಿಟ್ಟು, ಅದಕ್ಕೆ ಬಣ್ಣ ತುಂಬಿ, ವಿವರದ ಅಂಕಣದಲ್ಲಿ 'ಈ ಸಾಲನ್ನು ತೆಗೆಯಕೂಡದು' ಎಂದು ಬರೆಯಿರಿ. 9ನೆಯ ಸಾಲಿನಲ್ಲಿ =ಸಮ್(ಬಿ1:ಬಿ8) ಎಂದು ಸೂತ್ರ ಕೊಡಿರಿ. ಮೇಲೆ ತಲೆಬರಹ, ಕೆಳಗೆ ಖಾಲಿ ಸಾಲು ಎರಡು ಗಡಿಕಲ್ಲುಗಳಂತೆ ನಿಲ್ಲುತ್ತವೆ. ನಡುವಿನ ಯಾವ ಸಾಲನ್ನು ತೆಗೆದರೂ, ಎಲ್ಲವನ್ನೂ ತೆಗೆದರೂ, ಹೊಸದನ್ನು ಸೇರಿಸಿದರೂ ಸೂತ್ರ ಕೆಡದು. ಸಮ್ ಸೂತ್ರವು ಅಕ್ಷರಗಳನ್ನು ಎಣಿಸದಿರುವುದರಿಂದ ತಲೆಬರಹ ಒಳಗೆ ಸೇರಿದರೂ ತೊಂದರೆಯಿಲ್ಲ. ಆದರೆ ತಲೆಬರಹದಲ್ಲಿ '2025' ಎಂದು ಬರಿಯ ಅಂಕಿ ಹಾಕಿದರೆ ಅದೂ ಮೊತ್ತಕ್ಕೆ ಸೇರಿಬಿಡುತ್ತದೆ. '2025ರ ಖರ್ಚು' ಎಂದು ಬರೆಯಬೇಕು. ಹಾಗೆಯೇ ಖರ್ಚಿನ ಮನೆಯಲ್ಲಿ '9,200 ರೂ' ಎಂದು ಒತ್ತಿದರೆ ಅದು ಅಕ್ಷರವೆಂದು ಎಣಿಕೆಯಾಗಿ ಮೊತ್ತದಿಂದ ಬಿಟ್ಟುಹೋಗುತ್ತದೆ. ಅಂಕಿಯನ್ನು ಮಾತ್ರ ಒತ್ತತಕ್ಕದ್ದು.

ಕೆಲಸದವರ ಬಾಕಿ ಲೆಕ್ಕ

ಹೆಚ್ಚಿನ ಅಪಾಯವಿರುವುದು ಉಳಿಕೆಯನ್ನು ಸಾಲಿನಿಂದ ಸಾಲಿಗೆ ಒಯ್ಯುವ ಲೆಕ್ಕದಲ್ಲಿ. ಮದ್ದು ಸಿಂಪಡಿಸುವವರಿಗೆ, ಕೊಯ್ಲಿನವರಿಗೆ, ಅಡಿಕೆ ಸುಲಿಯುವವರಿಗೆ ಮುಂಗಡ ಕೊಟ್ಟು ಆಮೇಲೆ ಕೂಲಿಯಲ್ಲಿ ಮುರಿದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಸಿ ಅಂಕಣದಲ್ಲಿ ಕೂಲಿ, ಡಿ ಅಂಕಣದಲ್ಲಿ ಕೊಟ್ಟ ಹಣ, ಇ ಅಂಕಣದಲ್ಲಿ ಕೊಡಬೇಕಾದ ಬಾಕಿ ಇದೆ ಎನ್ನೋಣ. 2ನೆಯ ಸಾಲಿನಲ್ಲಿ ಕೂಲಿ ರೂ. 6,000, 3ನೆಯದರಲ್ಲಿ ಮುಂಗಡ ರೂ. 2,000, 4ನೆಯದರಲ್ಲಿ ಅದೇ ಮುಂಗಡ ಕೈತಪ್ಪಿನಿಂದ ಇನ್ನೊಮ್ಮೆ, 5ನೆಯದರಲ್ಲಿ ಕೂಲಿ ರೂ. 4,500. ಹಾಳೆಯು ಬಾಕಿ ರೂ. 6,500 ಎಂದು ತೋರಿಸುತ್ತದೆ. ನಿಜವಾದ ಬಾಕಿ ರೂ. 8,500.

ಬಾಕಿಯ ಸೂತ್ರ =ಇ4+ಸಿ5-ಡಿ5 ಎಂಬಂತೆ ಮೇಲಿನ ಮನೆಯನ್ನು ಅವಲಂಬಿಸಿದ್ದರೆ, 4ನೆಯ ಸಾಲನ್ನು ತೆಗೆದೊಡನೆ ಅದರ ಕೆಳಗಿನ ಬಾಕಿಗಳೆಲ್ಲವೂ '#ರೆಫ್!' ಆಗುತ್ತವೆ. ಆಗ ಗಾಬರಿಗೊಂಡು, ಮೊದಲು ಕಂಡಿದ್ದ 6,500 ಎಂಬ ಅಂಕಿಯನ್ನೇ ಸೂತ್ರದ ಮೇಲೆ ಕೈಯಿಂದ ಒತ್ತಿದರೆ ಹಾಳೆ ಸರಿಯಾದಂತೆ ಕಾಣುತ್ತದೆ. ಆದರೆ ದುಡಿದವನ ರೂ. 2,000 ಹೋಯಿತು. ಯಾರೂ ಮೋಸ ಮಾಡಿಲ್ಲ. ಆದರೂ ಅವನಿಗೆ ಅನ್ಯಾಯವಾಯಿತು. ಅವನು ತನ್ನ ನೆನಪಿನ ಲೆಕ್ಕವನ್ನು ಹೇಳಿದರೆ, ಕಂಪ್ಯೂಟರಿನ ಲೆಕ್ಕ ತಪ್ಪುವುದುಂಟೇ ಎಂದು ಯಜಮಾನರು ಕೇಳಿಯಾರು. ವರ್ಷಗಳ ವಿಶ್ವಾಸ ಕೆಡುವುದು ಇಂತಹ ಕಡೆಯಲ್ಲಿಯೇ. ಮರ ಹತ್ತುವವರು ಸಿಗುವುದೇ ದುರ್ಲಭವಾಗಿರುವಾಗ, ಮಳೆಗಾಲದಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆ ತಡವಾದರೆ ಕೊಳೆರೋಗದಿಂದಾಗುವ ನಷ್ಟವನ್ನು ಬೆಳೆಗಾರರಿಗೆ ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಬಾಕಿಯ ಸೂತ್ರವನ್ನು 2ನೆಯ ಸಾಲಿನಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

=ಸಮ್(ಸಿ$1:ಸಿ2)-ಸಮ್(ಡಿ$1:ಡಿ2)

ಡಾಲರ್ ಚಿಹ್ನೆಯು ಸೂತ್ರವನ್ನು ಎಳೆಯುವಾಗ 1ನೆಯ ಸಾಲನ್ನು ಕದಲದಂತೆ ಹಿಡಿದಿಡುತ್ತದೆ. ಇದರಲ್ಲಿ ಪ್ರತಿಯೊಂದು ಸಾಲೂ ಮೊದಲಿನಿಂದ ಆ ಸಾಲಿನವರೆಗಿನ ಕೂಲಿಯನ್ನು ಕೂಡಿ, ಕೊಟ್ಟ ಹಣವನ್ನು ಕಳೆಯುತ್ತದೆ. ಮೇಲಿನ ಬಾಕಿಯನ್ನು ಅವಲಂಬಿಸುವುದಿಲ್ಲ. 4ನೆಯ ಸಾಲನ್ನು ತೆಗೆದರೆ ಬಾಕಿ ತಾನಾಗಿ ರೂ. 8,500 ಆಗುತ್ತದೆ.

ಗುರುತೇ ತೋರಿಸದ ತಪ್ಪು

'#ರೆಫ್!' ಕಾಣಿಸಿದರೆ ಅದು ಉಪಕಾರವೆಂದೇ ತಿಳಿಯಬೇಕು. ಏನನ್ನೂ ತೋರಿಸದೆ ತಪ್ಪು ಉತ್ತರ ಕೊಡುವ ಸೂತ್ರ ಅದಕ್ಕಿಂತ ಕೆಟ್ಟದ್ದು. ಐದು ತುಂಡು ತೋಟಗಳ ಚಾಲಿ ಅಡಿಕೆಯ ಇಳುವರಿ 320, 280, 300, 260 ಮತ್ತು 40 ಕಿಲೋ ಇದೆ ಎನ್ನೋಣ. ಒಟ್ಟು 1,200, ಸರಾಸರಿ 240. ಐದನೆಯದು ಎಳೆಯ ತೋಟವಾದುದರಿಂದ ಆ ಸಾಲನ್ನು ತೆಗೆದರೆ ಒಟ್ಟು 1,160 ಆಗುತ್ತದೆ. ಸೂತ್ರದಲ್ಲಿ '5ರಿಂದ ಭಾಗಿಸು' ಎಂದು ಕೈಯಿಂದ ಬರೆದಿದ್ದರೆ ಉತ್ತರ 232. ಸರಿಯಾದ ಸರಾಸರಿ 290. ಕಡಿಮೆ ಇಳುವರಿಯ ತೋಟವನ್ನು ಬಿಟ್ಟ ಮೇಲೆ ಸರಾಸರಿ ಏರಬೇಕಾಗಿತ್ತು, ಇಳಿದಿದೆ. ಈ ಅಂಕಿಯನ್ನು ನಂಬಿ ಹಳೆಯ ಮರಗಳನ್ನು ತೆಗೆಯುವ ಯೋಚನೆ ಮಾಡಿದರೆ ನಷ್ಟವೇ ಸರಿ. ಸರಾಸರಿಗೆ ಆವರೇಜ್ ಸೂತ್ರವನ್ನೂ ಎಣಿಕೆಗೆ ಕೌಂಟ್ ಸೂತ್ರವನ್ನೂ ಬಳಸಿರಿ.

ಇಂತಹ ತಪ್ಪು ವಿದ್ವಾಂಸರನ್ನೂ ಬಿಟ್ಟಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಅವರು ದೇಶಗಳ ಸಾಲ ಮತ್ತು ಬೆಳವಣಿಗೆಯನ್ನು ಕುರಿತು 2010ರಲ್ಲಿ ಬರೆದ ಪ್ರಬಂಧವು ಬಹಳ ಪ್ರಸಿದ್ಧವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಆ ಲೆಕ್ಕದ ಹಾಳೆಯನ್ನು ಪರೀಕ್ಷಿಸಿದಾಗ, 20 ದೇಶಗಳ ಪಟ್ಟಿಯಲ್ಲಿ 15 ಸಾಲುಗಳನ್ನು ಮಾತ್ರ ಸರಾಸರಿಯ ಸೂತ್ರ ಹಿಡಿದಿದ್ದುದು ಕಂಡುಬಂದಿತು. ಐದು ದೇಶಗಳು ಬಿಟ್ಟುಹೋಗಿದ್ದವು. ಪ್ರಬಂಧದಲ್ಲಿ ಬೇರೆ ಆಕ್ಷೇಪಗಳೂ ಇದ್ದವು. ಆದರೆ ಈ ತಪ್ಪಿಗೆ ಹಾಳೆಯಲ್ಲಿ ಯಾವ ಗುರುತೂ ಇರಲಿಲ್ಲ.

ಬೇರೆ ಹಾಳೆಗಳ ಸಂಬಂಧ

ಒಂದು ಹಾಳೆಯ ಅಂಕಿಯನ್ನು ಇನ್ನೊಂದು ಹಾಳೆ ಬಳಸುವುದುಂಟು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಈ ಮೂರು ಅಂಕಿಗಳನ್ನು ಒಂದು ಹಾಳೆಯಲ್ಲಿಟ್ಟು, ಇನ್ನೊಂದರಲ್ಲಿ ಮರಗಳ ಸಂಖ್ಯೆಯಿಂದ ಗುಣಿಸಿ ಗೊಬ್ಬರದ ಪ್ರಮಾಣವನ್ನು ತೆಗೆದಿದ್ದರೆ, ಬೇಡವೆಂದು ಮೊದಲಿನ ಹಾಳೆಯ ಒಂದು ಸಾಲನ್ನು ತೆಗೆದಾಗ ಕೆಡುವುದು ಕಣ್ಣೆದುರಿಗಿಲ್ಲದ ಎರಡನೆಯ ಹಾಳೆ.

ಒಬ್ಬರು ತಯಾರಿಸಿದ ಹಾಳೆಯನ್ನು ನೆರೆಯವರು ಪಡೆದುಕೊಂಡಾಗಲೂ ಇದೇ ತೊಂದರೆ. ಮಾರಾಟದ ಹಾಳೆಯಲ್ಲಿ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಸಾಲುಗಳಿವೆ. ತಮ್ಮಲ್ಲಿ ಕರಿಗೋಟು ಇಲ್ಲವೆಂದು ಆ ಸಾಲನ್ನೇ ಕೀಳುವ ಬದಲು ಅಲ್ಲಿ ಸೊನ್ನೆ ಬರೆಯುವುದು ಕ್ಷೇಮಕರ.

ಸಾಲು ತೆಗೆಯುವ ಕ್ರಮ

1. ಮೊದಲು ಕಡತದ ಒಂದು ಪ್ರತಿಯನ್ನು ಆ ದಿನದ ದಿನಾಂಕದ ಹೆಸರಿನಲ್ಲಿ ಉಳಿಸಿರಿ.

2. ಒಟ್ಟು ಮೊತ್ತವನ್ನೂ ತೆಗೆಯಲಿರುವ ಸಾಲಿನ ಮೊತ್ತವನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ.

3. ಆ ಸಾಲನ್ನು ಬೇರೆ ಯಾವ ಸೂತ್ರ ಬಳಸುತ್ತಿದೆ ಎಂದು ನೋಡಿರಿ. ಎಕ್ಸೆಲ್‌ನಲ್ಲಿ ಫಾರ್ಮುಲಾಸ್ ವಿಭಾಗದ 'ಟ್ರೇಸ್ ಡಿಪೆಂಡೆಂಟ್ಸ್' ಎಂಬುದು ಬಾಣದ ಗುರುತಿನಿಂದ ಇದನ್ನು ತೋರಿಸುತ್ತದೆ.

4. ತೆಗೆಯುವುದಾದರೆ ಇಡೀ ಸಾಲನ್ನು ತೆಗೆಯಿರಿ. ಒಂದೇ ಮನೆಯನ್ನು ತೆಗೆದು ಕೆಳಗಿನವನ್ನು ಮೇಲಕ್ಕೆ ಸರಿಸಿದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಹಣ ಬಂದು ನಿಲ್ಲುತ್ತದೆ.

5. ಅಡಗಿಸಿಟ್ಟ ಸಾಲುಗಳಿದ್ದರೆ ಮೊದಲು ಅವನ್ನು ತೆರೆದು ನೋಡಿರಿ. ಹಲವು ಸಾಲುಗಳನ್ನು ಒಟ್ಟಿಗೆ ಆರಿಸಿ ತೆಗೆದಾಗ ನಡುವೆ ಅಡಗಿದ್ದವೂ ಹೋಗಬಹುದು.

6. ತೆಗೆದ ಮೇಲೆ ಹಳೆಯ ಮೊತ್ತಕ್ಕೂ ಹೊಸ ಮೊತ್ತಕ್ಕೂ ಇರುವ ವ್ಯತ್ಯಾಸವು ತೆಗೆದ ಸಾಲಿನ ಮೊತ್ತಕ್ಕೆ ಸಮನಾಗಿದೆಯೇ ನೋಡಿರಿ. ನಮ್ಮ ಉದಾಹರಣೆಯಲ್ಲಿ 73,200ರಲ್ಲಿ 64,000 ಕಳೆದರೆ 9,200, ಸರಿಯಾಗಿದೆ.

7. ಎಲ್ಲ ಹಾಳೆಗಳಲ್ಲಿಯೂ '#ರೆಫ್!' ಗುರುತನ್ನು ಹುಡುಕಿರಿ. ಕಂಡುಬಂದರೆ ಅಂಕಿಯನ್ನು ಕೈಯಿಂದ ತುಂಬಕೂಡದು. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಂದಿನ ಸ್ಥಿತಿಗೆ ಬಂದು, ಸೂತ್ರವನ್ನು ತಿದ್ದಿ, ಆಮೇಲೆ ಸಾಲನ್ನು ತೆಗೆಯಿರಿ. ಗೂಗಲ್ ಶೀಟ್ಸ್‌ನಲ್ಲಿ ಹಿಂದಿನ ಆವೃತ್ತಿಗಳ ಪಟ್ಟಿಯಿಂದಲೂ ಹಳೆಯ ಹಾಳೆಯನ್ನು ಮರಳಿ ಪಡೆಯಬಹುದು.

8. ಇಫ್‌ಎರರ್ ಸೂತ್ರದಿಂದ ದೋಷದ ಗುರುತನ್ನು ಮರೆಮಾಡಕೂಡದು. ಅದು ರೋಗ ಹಿಡಿದ ಗೊನೆಗೆ ಬರಿಯ ಹೊದಿಕೆ ಹಾಕಿದಂತೆ.

ತೆಗೆಯದಿರುವುದೇ ಮೇಲು

ಕೊನೆಯದಾಗಿ ಒಂದು ಮಾತು. ಹಳೆಯ ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಹಿರಿಯರು ಹಾಳೆಯನ್ನು ಹರಿಯುತ್ತಿರಲಿಲ್ಲ. ತಪ್ಪಿನ ಮೇಲೆ ಗೀಟೆಳೆದು ಕೆಳಗೆ ಸರಿಯಾದುದನ್ನು ಬರೆಯುತ್ತಿದ್ದರು. ಹಣದ ಲೆಕ್ಕದಲ್ಲಿ ಇಂದಿಗೂ ಅದೇ ಉತ್ತಮ ಕ್ರಮ. ಮುಂಗಡವನ್ನು ಎರಡು ಬಾರಿ ಬರೆದಿದ್ದರೆ ಆ ಸಾಲನ್ನು ಬಿಟ್ಟು, ಹೊಸ ಸಾಲಿನಲ್ಲಿ ಕಳೆಯುವ ಚಿಹ್ನೆಯೊಡನೆ 2,000 ಎಂದು ಬರೆದು, 'ಎರಡು ಬಾರಿ ಬರೆದುದರ ತಿದ್ದುಪಡಿ' ಎಂದು ವಿವರ ಕೊಡಿರಿ. ಸೂತ್ರ ಕೆಡುವುದಿಲ್ಲ, ಬಾಕಿ ಸರಿಯಾಗುತ್ತದೆ. ಕೆಲಸದವರಾಗಲಿ, ಪಾಲುದಾರರಾದ ಅಣ್ಣತಮ್ಮಂದಿರಾಗಲಿ ಕೇಳಿದಾಗ ಹಾಳೆಯನ್ನು ತೆರೆದು ತೋರಿಸಬಹುದು. ಲೆಕ್ಕ ಬರೆಯುವುದು ನಮ್ಮ ಅನುಕೂಲಕ್ಕೆ ಮಾತ್ರವಲ್ಲ. ನಮ್ಮೊಡನೆ ದುಡಿದವರಿಗೆ ಅವರ ಹಕ್ಕಿನದು ಪೂರ್ತಿಯಾಗಿ ಸಲ್ಲಬೇಕೆಂಬುದಕ್ಕೂ ಹೌದು.