ಕಲಿತದ್ದನ್ನು ತೋರಿಸಿ ತರಗತಿ ತಪ್ಪಿಸಿಕೊಳ್ಳುವುದು: ಅಮೆರಿಕದ ಕಾಲೇಜುಗಳ ವಿದೇಶಿ ಭಾಷಾ ನಿಯಮ

ನಮ್ಮ ಪಾಠ ಯೋಜನೆಯಲ್ಲಿ ‘ಪೂರ್ವಜ್ಞಾನ ಪರೀಕ್ಷೆ’ ಎಂಬ ಹಂತವಿದೆ. ಮೂರು ಪ್ರಶ್ನೆ ಕೇಳುತ್ತೇವೆ. ಮೂರನೆಯದಕ್ಕೆ ಮಕ್ಕಳು ಸುಮ್ಮನಾಗುತ್ತಾರೆ. ‘ಹಾಗಾದರೆ ಈ ದಿನ...’ ಎಂದು ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರೆಯುತ್ತೇವೆ. ಮೂರನೆಯದಕ್ಕೂ ಮಗು ಸರಿಯಾಗಿ ಉತ್ತರಿಸಿಬಿಟ್ಟರೆ ಏನು ಮಾಡಬೇಕೆಂದು ನಾನು ನೋಡಿದ ಯಾವ ಯೋಜನೆಯಲ್ಲೂ ಬರೆದಿಲ್ಲ, ನನ್ನದರಲ್ಲಂತೂ ಇರಲಿಲ್ಲ.

ಈ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿದ್ದು ಅಭ್ಯಾಸ ಬೋಧನೆಯ ಶಾಲೆಯಲ್ಲಲ್ಲ, ಫೋನಿನಲ್ಲಿ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಚಿಕ್ಕಪ್ಪನ ಮಗಳು ಅಲ್ಲಿ ಪದವಿಗೆ ಸೇರಿದಳು. ಅವಳ ಕಾಲೇಜಿನಲ್ಲಿ ಯಾವ ವಿಷಯ ಓದಿದರೂ ಒಂದು ವಿದೇಶಿ ಭಾಷೆ ಕಡ್ಡಾಯ. ‘ನನಗೆ ಕನ್ನಡ ಬರುತ್ತಲ್ಲ ಅಕ್ಕ, ಪರೀಕ್ಷೆ ಕೊಟ್ಟು ಬಿಡಿಸಿಕೊಳ್ಳಬಹುದಂತೆ. ಹೇಳಿಕೊಡ್ತೀಯಾ?’ ಎಂದು ಕೇಳಿದಳು. ಮನೆಯಲ್ಲಿ ಅಮ್ಮನ ಜೊತೆ ಆಡುವ ಮಾತು ಅವಳ ಕಾಲೇಜಿನ ಲೆಕ್ಕದಲ್ಲಿ ವಿದೇಶಿ ಭಾಷೆ!

ಅಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ಪ್ರತಿ ಕಾಲೇಜೂ ತನ್ನದನ್ನು ತಾನೇ ಮಾಡಿಕೊಳ್ಳುತ್ತದೆ. ಭಾಷೆ ಕಡ್ಡಾಯವಿರುವ ಕಡೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಮಿಸ್ಟರ್ ಕಲಿಯಬೇಕು. ಆದರೆ ಬಹಳಷ್ಟು ಕಾಲೇಜುಗಳು ‘ಇಷ್ಟು ಸೆಮಿಸ್ಟರ್ ಕುಳಿತಿರಬೇಕು’ ಎನ್ನುವ ಬದಲು ‘ಇಷ್ಟು ಮಟ್ಟ ಮುಟ್ಟಿರಬೇಕು’ ಎನ್ನುತ್ತವೆ. ಹಾಗೆಂದ ಮೇಲೆ ಮಟ್ಟವನ್ನು ಮೊದಲೇ ಮುಟ್ಟಿದವರನ್ನು ತರಗತಿಯಲ್ಲಿ ಕೂರಿಸಲು ಕಾರಣ ಉಳಿಯುವುದಿಲ್ಲ. ಯೇಲ್ ವಿಶ್ವವಿದ್ಯಾಲಯ ಇದನ್ನು ಒಪ್ಪುವುದಿಲ್ಲ. ಎಷ್ಟೇ ಬರಲಿ, ಅಲ್ಲಿ ಪದವಿ ವಿದ್ಯಾರ್ಥಿ ಭಾಷಾ ಅಧ್ಯಯನ ಮಾಡಲೇಬೇಕು. ಚೆನ್ನಾಗಿ ಬಲ್ಲವರಿಗೆ ಮೇಲಿನ ಹಂತದ ತರಗತಿ. ನನಗೆ ಈ ಪಕ್ಷವೂ ತೀರ ತಪ್ಪೆನಿಸುವುದಿಲ್ಲ.

ಮಟ್ಟವನ್ನು ತೋರಿಸುವ ದಾರಿಗಳು ಹಲವು. ಕಾಲೇಜು ಬೋರ್ಡ್ ನಡೆಸುವ ‘ಎಪಿ’ ಪರೀಕ್ಷೆಯನ್ನು ಪ್ರೌಢಶಾಲೆಯಲ್ಲಿದ್ದಾಗಲೇ ಬರೆಯುತ್ತಾರೆ. ಅಂಕ 1ರಿಂದ 5. ಅದೇ ಸಂಸ್ಥೆಯ ‘ಕ್ಲೆಪ್’ ಪರೀಕ್ಷೆಗೆ 20ರಿಂದ 80 ಅಂಕ. ಇದು ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮೂರರಲ್ಲಿ ಮಾತ್ರ ಇದೆ, ಮತ್ತು ಫ್ರೆಂಚ್, ಜರ್ಮನ್ ಪರೀಕ್ಷೆಗಳಲ್ಲಿ ಅಳೆಯುವುದು ಆಲಿಸುವುದನ್ನೂ ಓದುವುದನ್ನೂ ಮಾತ್ರ. ಅಂದರೆ ಬಾಯಿಬಿಟ್ಟು ಒಂದು ಮಾತಾಡದೆ ಫ್ರೆಂಚ್ ‘ಪಾಸು’ ಮಾಡಬಹುದು. ಇವಲ್ಲದೆ ಕಾಲೇಜುಗಳು ತಾವೇ ನಡೆಸುವ ಮಟ್ಟ ನಿರ್ಧಾರದ ಪರೀಕ್ಷೆಗಳಿವೆ. ಕಾಲೇಜಿನಲ್ಲಿ ಕಲಿಸದ ಭಾಷೆಯಾದರೆ ಹೊರಗಿನ ಪರೀಕ್ಷಕರನ್ನು ಹುಡುಕುವುದೂ ಉಂಟು. ನನ್ನ ತಂಗಿಗೆ ಸಿಕ್ಕಿದ್ದು ಈ ಕೊನೆಯ ದಾರಿ: ಆಲಿಸುವುದು, ಮಾತು, ಓದು, ಬರಹ ನಾಲ್ಕಕ್ಕೂ ಬೇರೆ ಬೇರೆ ಮೌಲ್ಯಮಾಪನ.

ನಾನು ಉತ್ಸಾಹದಿಂದ ಶುರು ಮಾಡಿದೆ. ಎಲ್ಲಿಂದ? ಅ, ಆ, ಇ, ಈಯಿಂದ. ಒಂದನೇ ತರಗತಿಯ ಮಗುವಿಗೆ ಹೇಳಿಕೊಡುವಂತೆ ವರ್ಣಮಾಲೆ, ಕಾಗುಣಿತ, ಆಮೇಲೆ ಒತ್ತಕ್ಷರ. ‘ಅಕ್ಷರ ನನಗೆ ಗೊತ್ತು ಅಕ್ಕ, ಕನ್ನಡ ಸಂಘದ ಭಾನುವಾರದ ಕ್ಲಾಸಿಗೆ ಹೋಗಿದ್ದೆ’ ಎಂದು ಅವಳು ಎರಡು ಸಲ ಹೇಳಿದಳು. ಅಡಿಪಾಯ ಗಟ್ಟಿಯಿರಲಿ ಎಂದು ನಾನು ಕೇಳಲಿಲ್ಲ. ಮೂರು ವಾರ ಹೀಗೇ ಹೋಯಿತು. ತರಗತಿಯಿಂದ ಬಿಡುಗಡೆ ಬೇಕೆಂದು ಬಂದವಳನ್ನು ನಾನು ಅವಳಿಗೆ ಬೇಡವಾದ ಇನ್ನೊಂದು ತರಗತಿಯಲ್ಲಿ ಕೂರಿಸಿದ್ದೆ.

ಪರೀಕ್ಷೆಯಲ್ಲಿ ಮಾತಿನ ಭಾಗ ಚೆನ್ನಾಗಿಯೇ ಆಯಿತು. ಬರಹದಲ್ಲಿ ಬೇಕಾದ ಮಟ್ಟ ಸಿಗಲಿಲ್ಲ. ತಾನು ಬರೆದದ್ದನ್ನು ನೆನಪಿನಿಂದ ನನಗೆ ಕಳಿಸಿದಳು: ‘ನಾನ್ ದಿನಾ ಬಸ್ಸಲ್ ಹೋಗ್ತೀನಿ, ಅಮ್ಮ ಕೆಲ್ಸಕ್ ಹೋಗ್ತಾರೆ.’ ಅಕ್ಷರಗಳೆಲ್ಲ ಸರಿ, ಒತ್ತೂ ಸರಿ. ಕೇಳಿದ್ದನ್ನು ಕೇಳಿದಂತೆಯೇ ಬರೆದಿದ್ದಾಳೆ. ‘ಹೋಗುತ್ತೇನೆ’, ‘ಕೆಲಸಕ್ಕೆ’ ಎನ್ನುವ ಬರಹದ ರೂಪಗಳನ್ನು ಅವಳು ಕಂಡಿದ್ದೇ ಕಡಿಮೆ. ನಮ್ಮ ಹಳ್ಳಿಯ ಮಗುವಿಗೂ ಈ ಅಂತರವಿದೆ, ಆದರೆ ಪಠ್ಯಪುಸ್ತಕ, ಬಸ್ಸಿನ ಬೋರ್ಡು, ಪತ್ರಿಕೆ ದಿನವೂ ಅದನ್ನು ಒಂದಿಷ್ಟು ತುಂಬುತ್ತವೆ. ಅವಳಿಗೆ ಅಡುಗೆಮನೆಯ ಕನ್ನಡ ಮಾತ್ರ ಇತ್ತು, ಅದು ಪೂರ್ತಿಯಾಗಿಯೇ ಇತ್ತು. ಮೊದಲ ದಿನವೇ ಒಂದು ಪುಟ ಬರೆಸಿ ನೋಡಿದ್ದರೆ ಇದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ನೈದಾನಿಕ ಪರೀಕ್ಷೆಯ ಬಗ್ಗೆ ಆಂತರಿಕ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು.

ಮನೆಯಲ್ಲಿ ಭಾಷೆ ಕಲಿತವರಿಗೆ ಈ ಪರೀಕ್ಷೆಗಳು ಹೀಗೆ ಅಡ್ಡಾದಿಡ್ಡಿಯಾಗಿಯೇ ಬರುತ್ತವೆ. ತರಗತಿಯಲ್ಲಿ ಕಲಿತವರಿಗೆ ನಾಲ್ಕು ಕೌಶಲಗಳೂ ಹೆಚ್ಚುಕಡಿಮೆ ಒಟ್ಟಿಗೆ ಬೆಳೆಯುತ್ತವೆ; ಇವರಿಗೆ ಎರಡು ಆಕಾಶದಲ್ಲಿ, ಎರಡು ನೆಲದಲ್ಲಿ. ಒಂದೇ ಅಂಕ ಕೊಡುವ ಪರೀಕ್ಷೆ ಇದನ್ನು ಮುಚ್ಚಿಹಾಕುತ್ತದೆ. ಅವಳ ಪರೀಕ್ಷೆ ನಾಲ್ಕನ್ನೂ ಬೇರೆಯಾಗಿ ತೋರಿಸಿದ್ದರಿಂದಲೇ ನನ್ನ ತಪ್ಪು ನನಗೆ ಕಂಡದ್ದು.

ಎರಡನೆಯ ಪ್ರಯತ್ನಕ್ಕೆ ವರ್ಣಮಾಲೆಯನ್ನು ಬದಿಗಿಟ್ಟೆವು. ರಾತ್ರಿ ಅವಳು ಒಂದು ನಿಮಿಷ ಮಾತಾಡಿ ಧ್ವನಿ ಸಂದೇಶ ಕಳಿಸಬೇಕು, ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ ಬರೆಯಬೇಕು. ನಾನು ತಿದ್ದುತ್ತಿದ್ದದ್ದು ಕ್ರಿಯಾಪದ ಮತ್ತು ವಿಭಕ್ತಿ ಪ್ರತ್ಯಯ ಎರಡನ್ನೇ. ಓದಲು ಮಕ್ಕಳ ಕಥೆಗಳನ್ನು ಬಿಟ್ಟು, ನಮ್ಮೂರಿನ ಮದುವೆ ಕರೆಯೋಲೆ, ಬ್ಯಾಂಕಿನ ಸೂಚನೆ ಇಂಥವುಗಳ ಫೋಟೋ ಕಳಿಸುತ್ತಿದ್ದೆ. ‘ತಮ್ಮ ಆಗಮನಾಭಿಲಾಷಿಗಳು’ ಎಂದರೆ ಯಾರ ತಮ್ಮ ಎಂದು ಕೇಳಿದ್ದಳು.

ಈ ಸಲ ಬರಹದಲ್ಲೂ ಮಟ್ಟ ದಾಟಿದಳು. ಎರಡು ಸೆಮಿಸ್ಟರಿನ ಶುಲ್ಕ ಉಳಿಯಿತೆಂದು ಚಿಕ್ಕಪ್ಪ ಲೆಕ್ಕ ಹಾಕಿದ್ದರು. ಆದರೆ ಅವಳಿಗೆ ಸಿಕ್ಕಿದ್ದು ವಿನಾಯಿತಿ, ಕ್ರೆಡಿಟ್ ಅಲ್ಲ. ಎಪಿ, ಕ್ಲೆಪ್ ಅಂಕಗಳಿಗೆ ಕ್ರೆಡಿಟ್ ಕೊಡುವ ಕಾಲೇಜುಗಳು ಬಹಳ. ಕಾಲೇಜಿನ ಮಟ್ಟದಲ್ಲಿ ನಡೆಯುವ ಇಂಥ ಪರೀಕ್ಷೆಗಳಿಗೆ ಎಷ್ಟೋ ಕಡೆ ‘ಈ ನಿಯಮ ಪೂರೈಸಿದೆ’ ಎಂಬ ಗುರುತು ಮಾತ್ರ. ಪದವಿಗೆ ಬೇಕಾದ ಒಟ್ಟು ಕ್ರೆಡಿಟ್ ಕಡಿಮೆಯಾಗದ ಕಾರಣ ಆ ಜಾಗಕ್ಕೆ ಬೇರೆ ವಿಷಯ ತೆಗೆದುಕೊಳ್ಳಲೇಬೇಕು. ಅವಳು ಸಂಖ್ಯಾಶಾಸ್ತ್ರ ತೆಗೆದುಕೊಂಡಳು.

ಕಳೆದ ವಾರ ಎಂಟನೇ ತರಗತಿಯಲ್ಲಿ ನನ್ನ ಮೂರನೆಯ ಪ್ರಶ್ನೆಗೂ, ಕೇಳದಿದ್ದ ನಾಲ್ಕನೆಯದಕ್ಕೂ ಒಬ್ಬ ಹುಡುಗ ಉತ್ತರ ಕೊಟ್ಟ. ಅವನ ಅಣ್ಣನದು ಮೋಟಾರ್ ರಿವೈಂಡಿಂಗ್ ಅಂಗಡಿಯಂತೆ. ಚಾಕ್ ಹಿಡಿದು ಶೀರ್ಷಿಕೆ ಬರೆಯಲು ತಿರುಗಿದವಳು ಹಾಗೇ ನಿಂತು, ಸುರುಳಿಯ ಚಿತ್ರ ಬಿಡಿಸುವುದಕ್ಕೆ ಅವನನ್ನೇ ಕರೆದೆ. ಚಿತ್ರ ಚೆನ್ನಾಗಿ ಬಿಡಿಸಿದ. ಭಾಗಗಳ ಹೆಸರು ಬರೆಯುವಾಗ ತಡವರಿಸಿದ. ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ‘ಯೋಜನೆಯಿಂದ ವಿಚಲನೆ’ ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.