ಸರ್ವರ್ ಬದಲಿಸಿದ್ರೆ ವೆಬ್‌ಸೈಟ್ ಓಡುತ್ತಾ?

ಒಂದು ಪೇಜ್ ತೆರೆಯೋಕೆ ಏಳೆಂಟು ಸೆಕೆಂಡ್ ತಗೊಂಡರೆ ನೀವೇನು ಮಾಡ್ತೀರಿ? ಬ್ಯಾಕ್ ಒತ್ತಿ ಮುಂದಿನ ಲಿಂಕಿಗೆ ಹೋಗ್ತೀರಿ. ನಾನೂ ಅಷ್ಟೇ. ಆದರೆ ಆ ಪೇಜ್ ಒಬ್ಬರ ಹೊಟ್ಟೆಪಾಡಾಗಿದ್ದರೆ, ನಾವು ಒತ್ತೋ ಪ್ರತಿ ಬ್ಯಾಕ್ ಅವರ ಕೈತಪ್ಪಿದ ಒಂದು ಗಿರಾಕಿ.

ಶಿರಸಿ ಹತ್ತಿರ ಹೋಮ್‌ಸ್ಟೇ ನಡೆಸೋ ನನ್ನ ಚಿಕ್ಕಮ್ಮನ ಮಗನ ಚಿಂತೆ ಇದೇ ಆಗಿತ್ತು. ಬುಕಿಂಗ್ ಸೈಟ್ ತುಂಬಾ ನಿಧಾನ. ಹೋಸ್ಟಿಂಗ್ ಕೊಟ್ಟವರು "ನಿಮ್ಮದು ವಿಂಡೋಸ್ ಸರ್ವರ್, ಲಿನಕ್ಸ್‌ಗೆ ಬದಲಿಸಿದರೆ ಎಲ್ಲ ಸರಿಹೋಗುತ್ತೆ" ಅಂತ ದೊಡ್ಡ ಮೊತ್ತ ಕೇಳಿದ್ದರು. "ಅಣ್ಣಾ, ದುಡ್ಡು ಹಾಕ್ಲಾ, ಬೇಡ್ವಾ?" ಅಂತ ಫೋನ್ ಮಾಡಿದ. ಸರ್ವರ್ ನೋಡಿಕೊಳ್ಳೋದೇ ನನ್ನ ಕೆಲಸ. ಹಾಗಾಗಿ ಒಂದು ಸಂಜೆ ಕೂತು ಅವನ ಸೈಟ್ ಪೂರ್ತಿ ಜಾಲಾಡಿದೆ.

ಲಿನಕ್ಸಾ, ವಿಂಡೋಸಾ?

ಇದು ಹಳೇ ಜಗಳ. 1999ರಲ್ಲಿ ಡಾನ್ ಕೆಗೆಲ್ ಎಂಬ ಎಂಜಿನಿಯರ್ ಒಂದು ಸವಾಲು ಮುಂದಿಟ್ಟರು: ಒಂದೇ ಸರ್ವರ್ ಏಕಕಾಲಕ್ಕೆ 10,000 ಸಂಪರ್ಕ ನಿಭಾಯಿಸೋದು ಹೇಗೆ? ಆಗ ಆಪರೇಟಿಂಗ್ ಸಿಸ್ಟಮ್ ಯಾವುದು ಅನ್ನೋದು ನಿಜಕ್ಕೂ ದೊಡ್ಡ ವಿಷಯ. ಆಮೇಲೆ ಫ್ರೀಬಿಎಸ್‌ಡಿಗೆ ಕೆಕ್ಯೂ, ಲಿನಕ್ಸ್‌ಗೆ ಇಪೋಲ್ ಬಂತು. ವಿಂಡೋಸ್‌ನಲ್ಲೂ ಅದೇ ಕೆಲಸಕ್ಕೆ ತನ್ನದೇ ವ್ಯವಸ್ಥೆ ಇದೆ. ಇವತ್ತು ಮೂರೂ ಗಟ್ಟಿ. ನೆಟ್‌ಫ್ಲಿಕ್ಸ್ ತನ್ನ ವಿಡಿಯೊ ಹಂಚೋದು ಫ್ರೀಬಿಎಸ್‌ಡಿ ಸರ್ವರ್‌ಗಳಿಂದ. ಲಿನಕ್ಸ್‌ಗೆ ಲೈಸೆನ್ಸ್ ಖರ್ಚಿಲ್ಲ, ಅದಕ್ಕೇ ಅಗ್ಗ. ಆದರೆ ದಿನಕ್ಕೆ ನೂರಿನ್ನೂರು ಜನ ಬರೋ ಸೈಟಿಗೆ ಬರೀ ಓಎಸ್ ಹೆಸರು ಬದಲಾದರೆ ಕಣ್ಣಿಗೆ ಕಾಣೋ ವೇಗವೇನೂ ಸಿಗಲ್ಲ.

ನೋಡಬೇಕಾದ್ದು ಓಎಸ್‌ನ ವಯಸ್ಸು. ವಿಂಡೋಸ್ ಸರ್ವರ್‌ನಲ್ಲಿ ಎಚ್‌ಟಿಟಿಪಿ/2 ಶುರುವಾಗಿದ್ದು 2016ರ ಆವೃತ್ತಿಯಿಂದ. ಟಿಎಲ್‌ಎಸ್ 1.3 ಮತ್ತು ಎಚ್‌ಟಿಟಿಪಿ/3 ಬೇಕಂದ್ರೆ 2022ರ ಆವೃತ್ತಿ ಬೇಕು. ನಮ್ಮ ಹುಡುಗನ ಸೈಟ್ ಇದ್ದದ್ದು 2012 ಆರ್2ರ ಮೇಲೆ. 2023ರ ಅಕ್ಟೋಬರ್‌ನಲ್ಲೇ ಅದರ ಸಾಮಾನ್ಯ ಬೆಂಬಲ ಮುಗಿದಿದೆ.

ಎಷ್ಟು ಸಲ ಹೋಗಿ ಬರಬೇಕು?

ತಾಲ್ಲೂಕು ಆಫೀಸಿನ ಕೆಲಸ ನೆನಪಿಸಿಕೊಳ್ಳಿ. ಅಲ್ಲಿ ಕೆಲಸಕ್ಕೆ ಹಿಡಿಯೋದು ಐದೇ ನಿಮಿಷ, ಓಡಾಟಕ್ಕೆ ಇಡೀ ದಿನ. ವೆಬ್ ಪೇಜೂ ಹಾಗೇ. ನಿಮ್ಮ ಫೋನು ಸರ್ವರ್‌ಗೆ ಮೊದಲು ‘ಇದ್ದೀರಾ?’ ಅಂತ ಕೇಳುತ್ತೆ, ಆಮೇಲೆ ಬೀಗದ ಕೈ ವಿನಿಮಯ, ಆಮೇಲೆ ‘ಪೇಜ್ ಕೊಡಿ’. ಟಿಎಲ್‌ಎಸ್ 1.2 ಇದ್ದರೆ ಒಟ್ಟು ನಾಲ್ಕು ಓಡಾಟ. 2018ರಲ್ಲಿ ಬಂದ ಟಿಎಲ್‌ಎಸ್ 1.3ರಲ್ಲಿ ಮೂರು. ಎಚ್‌ಟಿಟಿಪಿ/3ರಲ್ಲಿ ಎರಡೇ.

ಸರ್ವರ್ ಅಮೆರಿಕದಲ್ಲಿದ್ದು ಒಂದು ಓಡಾಟಕ್ಕೆ 200 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಹಳೇ ದಾರಿಯಲ್ಲಿ ಮೊದಲ ಅಕ್ಷರ ಬರೋಕೇ 800 ಮಿಲಿಸೆಕೆಂಡ್, ಹೊಸದರಲ್ಲಿ 400. ಅದೇ ಸರ್ವರ್ ಮುಂಬೈಲಿದ್ದು ಓಡಾಟಕ್ಕೆ 30 ಮಿಲಿಸೆಕೆಂಡ್ ಆದರೆ? ಹಳೇ ದಾರಿಯಲ್ಲೇ 120! ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಅದಕ್ಕಿಂತ ಜೋರಾಗಿ ಓಡಿಸೋಕೆ ಯಾವ ಓಎಸ್‌ಗೂ ಆಗಲ್ಲ.

ದೇವಿಮನೆ ಘಟ್ಟದ ಲಾರಿ

ಎಚ್‌ಟಿಟಿಪಿ/1.1ರಲ್ಲಿ ಬ್ರೌಸರ್ ಒಂದು ಸೈಟಿಗೆ ಸಾಮಾನ್ಯವಾಗಿ ಆರು ಸಂಪರ್ಕ ತೆರೆಯುತ್ತೆ. ಒಂದೊಂದರಲ್ಲಿ ಒಂದು ಫೈಲ್ ಬಂದ ಮೇಲೆ ಇನ್ನೊಂದು. ಗೂಗಲ್‌ನ ಸ್ಪೀಡಿ ಪ್ರಯೋಗದಿಂದ ಹುಟ್ಟಿ 2015ರಲ್ಲಿ ಬಂದ ಎಚ್‌ಟಿಟಿಪಿ/2 ಒಂದೇ ಸಂಪರ್ಕದಲ್ಲಿ ಎಲ್ಲ ಫೈಲನ್ನೂ ಬೆರೆಸಿ ಕಳಿಸುತ್ತೆ. ವೈಫೈ ಚೆನ್ನಾಗಿದ್ದರೆ ಸೊಗಸು. ಆದರೆ ಅದರ ಕೆಳಗಿರೋ ಟಿಸಿಪಿಗೆ ಸರದಿ ತಪ್ಪಬಾರದು. ಒಂದು ಪ್ಯಾಕೆಟ್ ಕಳೆದುಹೋದರೆ ಹಿಂದಿನವೆಲ್ಲ ಕಾಯಲೇಬೇಕು. ದೇವಿಮನೆ ಘಟ್ಟದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಕುಮಟಾದವರೆಗೂ ಕ್ಯೂ ನಿಂತ ಹಾಗೆ!

2022ರ ಎಚ್‌ಟಿಟಿಪಿ/3 ಯುಡಿಪಿ ಮೇಲೆ ಕಟ್ಟಿದ ಕ್ವಿಕ್ ಬಳಸುತ್ತೆ. ಇದರಲ್ಲಿ ಪ್ರತಿ ಫೈಲಿಗೂ ಅದರದೇ ದಾರಿ. ಫೋಟೊದ ಪ್ಯಾಕೆಟ್ ಬಿದ್ದರೂ ಬುಕಿಂಗ್ ಬಟನ್ ನಿಲ್ಲಲ್ಲ. ಮನೆ ವೈಫೈ ಬಿಟ್ಟು ರಸ್ತೆಗಿಳಿದು ಮೊಬೈಲ್ ಡೇಟಾಗೆ ಬಂದರೂ ಸಂಪರ್ಕ ಹರಿಯದಂತೆ ಮುಂದುವರಿಸಬಹುದು. ಸಿಗ್ನಲ್ ಆಡಿಸೋ ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಕೆಲವು ಆಫೀಸ್ ನೆಟ್‌ವರ್ಕ್‌ಗಳು ಯುಡಿಪಿ ತಡೆಯೋದುಂಟು. ಆಗ ಬ್ರೌಸರ್ ತಾನಾಗಿಯೇ ಎಚ್‌ಟಿಟಿಪಿ/2ಕ್ಕೆ ಇಳಿಯುತ್ತೆ, ಪೇಜ್ ನಿಲ್ಲಲ್ಲ.

ಬಿಲ್ ಕಟ್ಟೋ ಮೊದಲು

ಹುಡುಕಿದಾಗ ಸಿಕ್ಕಿದ್ದು ಮೂರು ಕಾರಣ: ಸರ್ವರ್ ಅಮೆರಿಕದಲ್ಲಿತ್ತು, ಅದರ ಆವೃತ್ತಿ ಹಳೇದು, ಜೊತೆಗೆ ಮುಖಪುಟದ ತೋಟದ ಫೋಟೊಗಳು ಒಂದೊಂದೂ 5 ಎಂಬಿ. 4 ಎಂಬಿಪಿಎಸ್ ಸಿಗ್ನಲ್‌ನಲ್ಲಿ ಅಂಥ ಒಂದೇ ಫೋಟೊಗೆ 10 ಸೆಕೆಂಡ್! ಹೋಸ್ಟಿಂಗ್‌ನವರು ಹೇಳಿದ್ದ ಲಿನಕ್ಸ್ ಸರ್ವರೂ ಅಮೆರಿಕದಲ್ಲೇ ಇರುತ್ತಿತ್ತು, ಫೋಟೊಗಳೂ ಹಾಗೇ ಉಳಿಯುತ್ತಿದ್ದವು. ಆ ಬಿಲ್ ಅವನು ಕಟ್ಟಲಿಲ್ಲ. ಫೋಟೊ ಕುಗ್ಗಿಸಿ ವೆಬ್‌ಪಿ ಮಾಡಿದ, ಮುಂಬೈನಲ್ಲಿರೋ ಹೊಸ ಸರ್ವರ್‌ಗೆ ಸೈಟ್ ಸಾಗಿಸಿದ. ಅದು ಲಿನಕ್ಸೇ, ಆದರೆ ಆರಿಸಿದ್ದು ಅಗ್ಗ ಅಂತ. ಈಗ ಅವನ ಮನೆ ಜಗಲಿಯಲ್ಲಿ ಕೂತೇ ಪೇಜ್ ತೆರೆಯಬಹುದು.

ನಿಮ್ಮದೂ ಸೈಟ್ ಇದ್ದರೆ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ಮೇಲಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೊಟೊಕಾಲ್’ ಆರಿಸಿ. ಎಚ್2 ಅಥವಾ ಎಚ್3 ಕಂಡರೆ ಸರಿ, 1.1 ಇದ್ದರೆ ಕೇಳಿ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆ.

ಹೋಸ್ಟಿಂಗ್‌ನವರಿಗೆ ಕೇಳಬೇಕಾದ್ದು ಇಷ್ಟು: ಸರ್ವರ್ ಯಾವ ಊರಲ್ಲಿದೆ? ಟಿಎಲ್‌ಎಸ್ 1.3 ಇದೆಯಾ? ಎಚ್‌ಟಿಟಿಪಿ/3 ಇದೆಯಾ? ಓಎಸ್‌ಗೆ ಅಪ್‌ಡೇಟ್ ಇನ್ನೂ ಬರ್ತಿದೆಯಾ? ಫೋಟೊ ಮಾತ್ರ ನೀವೇ ಕುಗ್ಗಿಸಿಕೊಳ್ಳಿ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.